ಕಾಡತೂಸು ಬದಲಾದರೆ ರೈಫಲ್ಲಿನಲ್ಲಿ ಏನೇನು ಬದಲಾಗಬೇಕು? ಇಶಾಪುರ ಕೊಟ್ಟ ಉತ್ತರ

ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ತ್ರೀ ನಾಟ್ ತ್ರೀ ಗೊತ್ತೇ ಇರುತ್ತೆ. ಹೆಚ್ಚುಕಮ್ಮಿ ನಾಲ್ಕು ಕೆಜಿ ತೂಗುವ ಮರ ಮತ್ತು ಉಕ್ಕಿನ ಆ ರೈಫಲ್ಲನ್ನು ಹೆಗಲಿಗೇರಿಸಿ ಬಿಸಿಲಲ್ಲಿ ನಿಂತವರು ಅದನ್ನು ಸುಲಭಕ್ಕೆ ಮರೆಯೋದಿಲ್ಲ. ಅಷ್ಟೇ ಹಳೆಯದಾಗಿ ಕಾಣುವ, ಅದೇ ಮೂತಿ, ಅದೇ ಬೋಲ್ಟ್ ಇರುವ ಇನ್ನೊಂದು ರೈಫಲ್ಲೂ ನಮ್ಮ ದೇಶದಲ್ಲಿದೆ. ವ್ಯತ್ಯಾಸ ಗೊತ್ತಾಗೋದು ಮ್ಯಾಗಜೀನ್ ನೋಡಿದಾಗ: ಇದರದ್ದು ಚೌಕಾಕಾರದ ಡಬ್ಬಿ. ಇದರ ಹೆಸರು 2ಎ1. ಒಳಗೆ ಹೋಗೋದು .303 ಅಲ್ಲ, 7.62×51 ಮಿ.ಮೀ. ಕಾಡತೂಸು.

‘ನಳಿಗೆ ಬದಲಾಯಿಸಿದರಾಯಿತು, ಹಳೆ ರೈಫಲ್ಲಿಗೆ ಹೊಸ ಕಾಡತೂಸು ರೆಡಿ’ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಯಾಕೆ ತಪ್ಪು ಅನ್ನೋದಕ್ಕೆ ಈ 2ಎ1ಗಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಸೈನ್ಯಕ್ಕೆ ಯಾವ ರೈಫಲ್ ಬೇಕು ಅನ್ನೋ ನಮ್ಮ ಇವತ್ತಿನ ಜಗ್ಗಾಟಕ್ಕೂ ಈ ಪಾಠ ಅನ್ವಯಿಸುತ್ತೆ.

ಎರಡು ಕಾಡತೂಸುಗಳ ತಲೆನೋವು

1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಬ್ರಿಟಿಷರ ಕಾಲದ ಲೀ-ಎನ್‌ಫೀಲ್ಡ್. ಅದರ .303 ಕಾಡತೂಸು ಬಳಕೆಗೆ ಬಂದದ್ದು 1880ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಜಗತ್ತು ಮುಂದೆ ಹೋಗಿತ್ತು. 1954ರಲ್ಲಿ ನೇಟೋ ದೇಶಗಳು 7.62×51 ಅನ್ನು ಒಪ್ಪಿಕೊಂಡಿದ್ದವು. ಭಾರತವೂ ಅದೇ ಕಾಡತೂಸಿನ ಸೆಲ್ಫ್ ಲೋಡಿಂಗ್ ರೈಫಲ್ಲಿನ ಕಡೆ ಹೊರಟಿತ್ತು. ಆದರೆ ಹೊಸ ರೈಫಲ್ ಎಲ್ಲರ ಕೈಗೂ ತಲುಪಲು ವರ್ಷಗಳು ಬೇಕು. ಅಲ್ಲಿವರೆಗೆ ಒಂದು ಟ್ರಕ್ಕಿನಲ್ಲಿ .303, ಇನ್ನೊಂದರಲ್ಲಿ 7.62. ಗುಡ್ಡದ ಮೇಲಿನ ತುಕಡಿಗೆ ತಪ್ಪು ಪೆಟ್ಟಿಗೆ ಹೋದರೆ ಕೈಯಲ್ಲಿರುವ ರೈಫಲ್ ಬರೀ ದೊಣ್ಣೆ.

ಕೋಲ್ಕತ್ತಾ ಬಳಿಯ ಇಶಾಪುರದ ರೈಫಲ್ ಕಾರ್ಖಾನೆಗೆ ಲೀ-ಎನ್‌ಫೀಲ್ಡ್ ಮಾಡಿ ದಶಕಗಳ ಅನುಭವ ಇತ್ತು. ಗೊತ್ತಿರುವ ವಿನ್ಯಾಸವನ್ನೇ ಹೊಸ ಕಾಡತೂಸಿಗೆ ಹೊಂದಿಸೋಣ ಅನ್ನೋ ಯೋಚನೆ ಅಲ್ಲಿಂದ ಬಂತು. ಒಂದು ಮಾತು ಸ್ಪಷ್ಟ ಇರಲಿ: 2ಎ ಮತ್ತು 2ಎ1 ಹಳೆಯ ರೈಫಲ್ಲುಗಳನ್ನು ಕೊರೆದು ಮಾಡಿದವಲ್ಲ, ಹೊಸದಾಗಿಯೇ ತಯಾರಿಸಿದವು. ಯಾಕೆ ಅನ್ನೋದು ಒಂದೊಂದೇ ಭಾಗ ನೋಡಿದಾಗ ತಿಳಿಯುತ್ತೆ.

ನಳಿಗೆ: ಕಾಣುವ ಬದಲಾವಣೆ

ಮೊದಲು ಬದಲಾಗಬೇಕಾದ್ದು ನಳಿಗೆಯೇ. .303ರ ಗುಂಡಿನ ವ್ಯಾಸ ಸುಮಾರು 7.9 ಮಿ.ಮೀ., 7.62ರ ಗುಂಡಿನದು ಸುಮಾರು 7.82. ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಅಗಲ ನಳಿಗೆಯಲ್ಲಿ ಸಣ್ಣ ಗುಂಡು ಹೋದರೆ ಒಳಗಿನ ಸುರುಳಿ ಗೆರೆಗಳು ಅದನ್ನು ಸರಿಯಾಗಿ ಹಿಡಿಯೋದಿಲ್ಲ, ಗುರಿ ಹಾಳು. ಕಾಡತೂಸು ಕೂರುವ ಕೋಣೆಯ ಆಕಾರವಂತೂ ಪೂರ್ತಿ ಬೇರೆ: .303ರ ಕೊಳವೆ 56 ಮಿ.ಮೀ. ಉದ್ದ, ಹಿಂದೆ ದಪ್ಪ ಮುಂದೆ ಸಪೂರ, 7.62ರದ್ದು 51 ಮಿ.ಮೀ., ಹೆಚ್ಚು ನೇರ. ಇಲ್ಲಿ ಅದೃಷ್ಟ ಏನಂದ್ರೆ ಹೊಸ ಕಾಡತೂಸು ಹಳೆಯದಕ್ಕಿಂತ ಗಿಡ್ಡ, ಆದ್ದರಿಂದ ಹಳೆಯ ಚೌಕಟ್ಟಿನೊಳಗೆ ಜಾಗ ಸಾಲುತ್ತೆ. ಉಲ್ಟಾ ಆಗಿದ್ದರೆ ಕಥೆ ಅಲ್ಲೇ ಮುಗೀತಿತ್ತು.

ರಿಸೀವರ್: ಕಾಣದ, ಆದರೆ ಪ್ರಾಣದ ಪ್ರಶ್ನೆ

ಮದ್ದು ಉರಿದಾಗ ಒಳಗಿನ ಒತ್ತಡ ಗುಂಡನ್ನು ಮುಂದೆ ತಳ್ಳಿದಂತೆ ಬೋಲ್ಟನ್ನು ಹಿಂದಕ್ಕೂ ತಳ್ಳುತ್ತೆ. ಆ ಬೋಲ್ಟಿನ ಹಿಂದೆ ಇರೋದು ಮನುಷ್ಯನ ಮುಖ. ಯುರೋಪಿನ ಪ್ರಮಾಣ ಸಂಸ್ಥೆ ಸಿಐಪಿ ಹಾಕಿರುವ ಗರಿಷ್ಠ ಒತ್ತಡದ ಮಿತಿ .303ಗೆ 3,650 ಬಾರ್, 7.62ರ ನಾಗರಿಕ ಜೋಡಿಯಾದ .308 ವಿಂಚೆಸ್ಟರ್‌ಗೆ 4,150 ಬಾರ್. ಅಂದರೆ ಸುಮಾರು ಶೇ. 14 ಹೆಚ್ಚು.

ಇದರ ಜೊತೆ ಲೀ-ಎನ್‌ಫೀಲ್ಡಿನದ್ದೇ ಒಂದು ಗುಣ ಇದೆ. ಮೌಸರ್ ತರಹದ ರೈಫಲ್ಲುಗಳಲ್ಲಿ ಬೋಲ್ಟನ್ನು ಲಾಕ್ ಮಾಡುವ ಹಲ್ಲುಗಳು ಮುಂದೆ, ಕಾಡತೂಸಿನ ಪಕ್ಕದಲ್ಲೇ ಇರುತ್ತವೆ. ಇದರಲ್ಲಿ ಹಿಂದೆ ಇವೆ. ಬೋಲ್ಟ್ ಬೇಗ ಆಡುತ್ತೆ, ನಿಜ. ಆದರೆ ಪ್ರತಿ ಗುಂಡಿಗೂ ಬೋಲ್ಟಿನ ಇಡೀ ಉದ್ದ ಸ್ವಲ್ಪ ಅದುಮಿಕೊಳ್ಳುತ್ತೆ, ರಿಸೀವರ್ ಸ್ವಲ್ಪ ಜಗ್ಗುತ್ತೆ. ಮೆಕ್ಯಾನಿಕಲ್ ಓದಿದವರಿಗೆ ‘ಫಟೀಗ್’ ಅನ್ನೋ ಪದ ನೆನಪಿರಬಹುದು: ಒಂದು ಹೊಡೆತಕ್ಕೆ ಮುರಿಯದ ಲೋಹ ಸಾವಿರ ಹೊಡೆತಕ್ಕೆ ಬಿರುಕು ಬಿಡುತ್ತೆ. ಮೊದಲ ಹತ್ತು ಗುಂಡು ಸಲೀಸಾಗಿ ಹೋಯ್ತು ಅನ್ನೋದು ಸುರಕ್ಷತೆಗೆ ಸಾಕ್ಷಿಯೇ ಅಲ್ಲ. ಹಾಗಾಗಿಯೇ ಇಶಾಪುರದವರು ಆಕಾರ ಹಳೆಯದನ್ನೇ ಇಟ್ಟುಕೊಂಡು, ಉಕ್ಕನ್ನು ಮಾತ್ರ ಹೆಚ್ಚು ಗಟ್ಟಿಯದಕ್ಕೆ ಬದಲಾಯಿಸಿದರು. ಹೊರಗಿನಿಂದ ನೋಡಿದರೆ ಒಂದಿಷ್ಟೂ ಕಾಣದ ಬದಲಾವಣೆ. ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಅಂಚಿನ ಸಮಸ್ಯೆ

.303ರ ಬುಡದಲ್ಲಿ ಹೊರಚಾಚಿದ ಅಂಚು ಇದೆ, ತಟ್ಟೆಗೆ ಇರುವ ಹಾಗೆ. ಕಾಡತೂಸು ಎಷ್ಟು ಒಳಗೆ ಹೋಗಬೇಕು ಅನ್ನೋದನ್ನು ಆ ಅಂಚೇ ತಡೆದು ನಿರ್ಧರಿಸುತ್ತೆ. 7.62ಗೆ ಆ ಅಂಚಿಲ್ಲ. ಅದರ ಹೆಗಲು ಕೋಣೆಯ ಗೋಡೆಗೆ ತಾಗಿ ನಿಲ್ಲಬೇಕು. ಕೋಣೆಯ ಆಳ, ಬೋಲ್ಟಿನ ಉದ್ದ ಎರಡೂ ಕರಾರುವಾಕ್ಕಾಗಿ ಕೂಡಿದರೆ ಮಾತ್ರ ಕಾಡತೂಸು ಸರಿಯಾಗಿ ಕೂರುತ್ತೆ. ಜಾಗ ಹೆಚ್ಚಾದರೆ ಹಿತ್ತಾಳೆ ಕೊಳವೆ ಹರಿದು ಬಿಸಿ ಅನಿಲ ಹಿಂದೆ ನುಗ್ಗುವ ಅಪಾಯ.

ಬುಡದ ಅಳತೆಯೂ ಬೇರೆ. .303ರ ಅಂಚಿನ ವ್ಯಾಸ 13.7 ಮಿ.ಮೀ., 7.62ರ ಬುಡದ್ದು 12. ಖಾಲಿ ಕೊಳವೆಯನ್ನು ಕೊಕ್ಕೆ ಹಾಕಿ ಎಳೆಯುವ ಎಕ್ಸ್‌ಟ್ರಾಕ್ಟರ್ ಹಳೆಯದೇ ಇದ್ದರೆ ಅದಕ್ಕೆ ಹಿಡಿತ ಸಿಗೋದಿಲ್ಲ. ಇಶಾಪುರದಲ್ಲಿ ಅದನ್ನೂ ಹೊಸದಾಗಿ ಮಾಡಬೇಕಾಯ್ತು. ಇನ್ನು ಮ್ಯಾಗಜೀನ್. ಅಂಚಿರುವ, ಓರೆಯಾದ ಕಾಡತೂಸುಗಳನ್ನು ಒಂದರ ಮೇಲೊಂದು ಇಟ್ಟರೆ ಸಾಲು ಬಾಗುತ್ತೆ, ಆದ್ದರಿಂದ ಹಳೆಯ ಡಬ್ಬಿಗೆ ಓರೆ ಆಕಾರ. ನೇರ ಕಾಡತೂಸಿಗೆ ಚೌಕ ಡಬ್ಬಿ. ಆರಂಭದಲ್ಲಿ ಹೇಳಿದ ಆ ಗುರುತು ಬಂದದ್ದು ಹೀಗೆ.

ಗುರಿ ನೋಡುವ ಹಿಂಬದಿಯ ಸೈಟ್‌ ಕೂಡ ಬದಲಾಯ್ತು, ಯಾಕಂದ್ರೆ ಹೊಸ ಗುಂಡು ಸಾಗುವ ದಾರಿ ಬೇರೆ. 2ಎ ಮಾದರಿಯಲ್ಲಿ 2,000 ಮೀಟರ್‌ವರೆಗೆ ಗುರುತುಗಳಿದ್ದವು. ಬರಿಗಣ್ಣಿನಲ್ಲಿ ಅಷ್ಟು ದೂರ ಯಾರು ಹೊಡೀತಾರೆ? 2ಎ1ರಲ್ಲಿ ಅದನ್ನು 800 ಮೀಟರ್‌ಗೆ ಇಳಿಸಿದರು.

ಲೆಕ್ಕ ಹಾಕಿ: ನಳಿಗೆ, ಉಕ್ಕು, ಎಕ್ಸ್‌ಟ್ರಾಕ್ಟರ್, ಮ್ಯಾಗಜೀನ್, ಸೈಟ್. ಹಳೆಯದಾಗಿ ಉಳಿದದ್ದು ವಿನ್ಯಾಸ, ಮರ, ಕಾರ್ಮಿಕರ ಕೈಗೆ ಗೊತ್ತಿದ್ದ ಕೆಲಸ. ನಿಜವಾದ ಉಳಿತಾಯ ಆದದ್ದು ಅಲ್ಲೇ.

ಇನ್ನೆರಡು ದಾರಿ

ಬ್ರಿಟನ್ ಕೂಡ ಇದನ್ನೇ ಪ್ರಯತ್ನಿಸಿತು. ಅಲ್ಲಿ ಎಲ್8 ಅನ್ನೋ ಹೆಸರಲ್ಲಿ ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್ಲನ್ನು 7.62ಗೆ ತಿರುಗಿಸಿ ನೋಡಿದರು. ಗುರಿಯ ನಿಖರತೆ ಸಾಲದೆ ಕೈಬಿಟ್ಟರು. ಆಮೇಲೆ ಆಯ್ದ ಸ್ನೈಪರ್ ರೈಫಲ್ಲುಗಳಿಗೆ ಭಾರೀ ನಳಿಗೆ ಕೂರಿಸಿದಾಗ ಎಲ್42ಎ1 ಹುಟ್ಟಿತು. ಅದು 1982ರ ಫಾಕ್‌ಲ್ಯಾಂಡ್ಸ್ ಯುದ್ಧದವರೆಗೂ ನಡೆಯಿತು. ಕಾಡತೂಸು ಅದೇ, ಮೂಲ ರೈಫಲ್ ಅದೇ, ನಳಿಗೆಯ ಆಯ್ಕೆ ಬೇರೆ. ಫಲಿತಾಂಶವೂ ಬೇರೆ.

ಇನ್ನೊಂದು ದಾರಿ ನಮ್ಮದೇ: .315. ಸೈನ್ಯದ .303 ಜನಸಾಮಾನ್ಯರ ಕೈಗೆ ಸಿಗಬಾರದು ಅನ್ನೋದು ಬ್ರಿಟಿಷರ ಭಯ. ಹಾಗಾಗಿ ನಾಗರಿಕರಿಗೆ ಅದೇ ಲೀ-ಎನ್‌ಫೀಲ್ಡ್ ಚೌಕಟ್ಟಿನಲ್ಲಿ ಆಸ್ಟ್ರಿಯಾದ 8 ಮಿ.ಮೀ. ಮಾನ್ಲಿಚರ್ ಕಾಡತೂಸು ಕೊಟ್ಟರು. ಅದಕ್ಕೂ ಅಂಚಿತ್ತು, ಅಳತೆಯೂ ಹತ್ತಿರ ಇತ್ತು. ಭಾಗಗಳಿಗೆ ಹೊಂದುವ ಕಾಡತೂಸನ್ನೇ ಆರಿಸಿದರೆ ಕೆಲಸ ಎಷ್ಟು ಸುಲಭ ಅನ್ನೋದಕ್ಕೆ ಇದು ಉದಾಹರಣೆ.

ಇವತ್ತಿಗೆ ಇದರಿಂದ ಏನು?

2011ರಲ್ಲಿ ನಮ್ಮ ಸೈನ್ಯ ಒಂದು ಆಸೆ ಇಟ್ಟುಕೊಂಡು ಟೆಂಡರ್ ಕರೆಯಿತು: ಒಂದೇ ರೈಫಲ್, ನಳಿಗೆ ಬದಲಾಯಿಸಿದರೆ 5.56 ಮತ್ತು 7.62×39 ಎರಡೂ ಹಾರಬೇಕು. ಕಾಗದದ ಮೇಲೆ ಚಂದ. ಆದರೆ ಮೇಲಿನ ಪಟ್ಟಿ ಓದಿದವರಿಗೆ ಗೊತ್ತಾಗುತ್ತೆ, ಬದಲಾಗೋದು ನಳಿಗೆ ಮಾತ್ರ ಅಲ್ಲ. 2015ರಲ್ಲಿ ಆ ಟೆಂಡರ್ ರದ್ದಾಯಿತು. ಆಮೇಲೆ 7.62×51ರ ಸಿಗ್ ಸಾವರ್ ರೈಫಲ್ಲುಗಳು ಬಂದವು, 2021ರ ಡಿಸೆಂಬರಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203ಗಳ ಒಪ್ಪಂದ ಆಯಿತು. ಅದರ ಕಾಡತೂಸು 7.62×39. ಇನ್ಸಾಸ್‌ನದ್ದು 5.56. ಎರಡು ಕಾಡತೂಸಿನ ತಲೆನೋವು ಈಗ ಮೂರರದ್ದಾಗಿದೆ. ರೈಫಲ್ ಖರೀದಿಯ ಸುದ್ದಿ ಬಂದಾಗ ನಾವು ಬೆಲೆ, ದೇಶ, ಕಮಿಷನ್ ಕೇಳ್ತೀವಿ. ಕಾಡತೂಸು ಯಾವುದು, ಅದು ಎಲ್ಲಿ ತಯಾರಾಗುತ್ತೆ ಅಂತ ಕೇಳೋದೇ ಇಲ್ಲ. ಉತ್ತರ ಪ್ರದೇಶ ಪೊಲೀಸರು .303ಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಕಾಡತೂಸಿನ ಆಯ್ಕೆ ಅಷ್ಟು ದೀರ್ಘಕಾಲ ಬೆನ್ನಿಗಿರುತ್ತೆ.

ಕೊನೆಗೊಂದು ಮಾತು, ನಮ್ಮ ಮಲೆನಾಡು, ಕೊಡಗಿನ ಓದುಗರಿಗೆ. ಕೈಲ್‌ಪೊಳ್ದಿನಂದು ಕೋವಿ ಪೂಜೆ ಮಾಡುವ ಮನೆಗಳಲ್ಲಿ ಅಜ್ಜನ ಕಾಲದ ಬಂದೂಕು ಇರುತ್ತೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ. ಅದನ್ನು ಬೇರೆ ಕಾಡತೂಸಿಗೆ ಮಾರ್ಪಡಿಸೋದಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮಾರ್ಪಾಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಕಾನೂನು ಬದಿಗಿಟ್ಟು ನೋಡಿದರೂ, ಒಂದು ಇಡೀ ಕಾರ್ಖಾನೆಯೇ ಹಳೆಯ ಉಕ್ಕನ್ನು ನಂಬದೆ ಹೊಸದು ಹಾಕಿಸಿತು. ಊರ ಲೇತ್ ಅಂಗಡಿಯವನು ‘ನಡೆಯುತ್ತೆ ಬಿಡಿ ಅಣ್ಣ’ ಅಂದರೆ ನಂಬಬೇಡಿ. ಗುಂಡು ಹಾರುವಾಗ ಬೋಲ್ಟಿನ ಹಿಂದೆ ಇರೋದು ಅವನ ಮುಖ ಅಲ್ಲ, ನಿಮ್ಮದು.