ತಾಯಿ, ತ್ಯಾಗ ಮತ್ತು ಊರಿನ ತೀರ್ಪು

ಕನ್ನಡ ಕಾದಂಬರಿಗಳಲ್ಲಿ ತಾಯಿಯ ತ್ಯಾಗಕ್ಕೆ ಹೊಗಳಿಕೆ ಧಾರಾಳವಾಗಿದೆ. ಆ ತ್ಯಾಗದಿಂದ ಅವಳಿಗೆ ದಕ್ಕಿದ್ದೇನು ಎಂದು ವಿಚಾರಿಸಿದ ಕೃತಿಗಳು ಕಡಿಮೆ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970) ಅಂಥದ್ದೊಂದು. ಕೈಲಾಗದ ಗಂಡ ಚೆನ್ನಿಗರಾಯನ ಬದಲು ಶ್ಯಾನುಭೋಗಿಕೆಯ ಲೆಕ್ಕ ಬರೆಯುವವಳು ನಂಜಮ್ಮ, ಶ್ಯಾನುಭೋಗರೆನಿಸಿಕೊಳ್ಳುವವನು ಅವನು. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆದರೂ ಅತ್ತೆ ಗಂಗಮ್ಮನ ಬೈಗುಳ ತಪ್ಪುವುದಿಲ್ಲ. ಕೊನೆಗೆ ಪ್ಲೇಗು ಮಕ್ಕಳಲ್ಲಿ ಇಬ್ಬರನ್ನೂ ಅವಳನ್ನೂ ಒಯ್ಯುತ್ತದೆ. ದುಡಿದ ತಾಯಿ ಕೊನೆಯಲ್ಲಾದರೂ ಸುಖ ಕಾಣಲೇಬೇಕೆಂಬ ರೂಢಿಯನ್ನು ಮುರಿದದ್ದೇ ಈ ಕಾದಂಬರಿಯ ದೊಡ್ಡತನ.

ಅದೇ ಲೇಖಕರ 'ವಂಶವೃಕ್ಷ'ದ (1965) ಕಾತ್ಯಾಯಿನಿಯ ಪಾಡು ಬೇರೆ. ಚಿಕ್ಕ ವಯಸ್ಸಿಗೇ ವಿಧವೆಯಾದ ಅವಳು ಮರುಮದುವೆಯಾಗುತ್ತಾಳೆ; ಮಗ ನಂಜನಗೂಡಿನ ಅಜ್ಜನ ಬಳಿಯೇ ಉಳಿಯುತ್ತಾನೆ. ಆಮೇಲೆ ಗರ್ಭ ನಿಲ್ಲದಿದ್ದಾಗ ಅದು ತನ್ನ ಪಾಪದ ಫಲವೆಂದೇ ನಂಬಿ ಕೊರಗುತ್ತಾಳೆ. ಊರಿನ ಮಾತು ಅವಳ ಒಳಗೇ ಮನೆಮಾಡಿರುತ್ತದೆ. ಅವಳನ್ನು ಸಾವಿನವರೆಗೆ ಒಯ್ದದ್ದು ಕಠೋರವೇ. ಆದರೆ ವಂಶಶುದ್ಧಿಯನ್ನು ನಂಬಿ ಬಾಳಿದ ಮಾವ ಶ್ರೋತ್ರಿಯರ ಹುಟ್ಟೇ ಆ ಶುದ್ಧಿಗೆ ಹೊರತಾದದ್ದೆಂದು ಬಯಲಾದಾಗ, ಅವಳನ್ನು ಅಳೆದ ಕೋಲೇ ಮುರಿದುಬೀಳುತ್ತದೆ.

ತ್ರಿವೇಣಿಯವರ 'ಶರಪಂಜರ'ದ ಕಾವೇರಿ ಯಾವ ಕಟ್ಟಳೆಯನ್ನೂ ಮೀರಿ ಮನೆ ಬಿಟ್ಟವಳಲ್ಲ. ಬಾಣಂತಿತನದಲ್ಲಿ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಕಾಯಿಲೆ ಹೋದರೂ 'ಹುಚ್ಚಿ' ಎಂಬ ಹೆಸರು ಹೋಗುವುದಿಲ್ಲ. ನೆರೆಹೊರೆಯ ಅನುಮಾನವನ್ನು ಹೇಗೋ ತಡೆದುಕೊಂಡಾಳು, ಗಂಡನೇ ಬೇರೊಬ್ಬಳತ್ತ ಹೊರಳಿದಾಗ ಮತ್ತೆ ಕುಸಿಯುತ್ತಾಳೆ. ಬಾಣಂತಿಯ ಮಾನಸಿಕ ಕಾಯಿಲೆಯನ್ನು ದೆವ್ವದ ಕಾಟವೆಂದು ಮುಚ್ಚಿಡುತ್ತಿದ್ದ ಕಾಲದಲ್ಲಿ ಬಂದ ಬರಹವಿದು. ಇದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಸಿನಿಮಾ ಮಾಡಿದರು. ಕಲ್ಪನಾ ಅಭಿನಯದಿಂದ ಕಾವೇರಿ, ಕಾದಂಬರಿ ಓದದವರಿಗೂ ಪರಿಚಿತಳಾದಳು. ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡಿದ್ದರು.

ತಾಯಿಯಾಗುವುದೇ ಅಪರಾಧವಾಗುವ ಕಥೆ ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'. ಅಗ್ರಹಾರದ ವಿಧವೆ ಯಮುನಾ ಬಸಿರಾಗುತ್ತಾಳೆ. ಬಸಿರಿಗೆ ಕಾರಣನಾದವನು ಪಾರಾಗುತ್ತಾನೆ. ಗರ್ಭ ತೆಗೆಸಿಕೊಂಡ ಅವಳಿಗೆ, ಬದುಕಿರುವಾಗಲೇ, ಸ್ವಂತ ತಂದೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾನೆ. ಈ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಚಿತ್ರಕ್ಕೆ ಸ್ವರ್ಣಕಮಲ ಬಂತು. ಚಿತ್ರದ ಕೊನೆಗೆ ಮಗಳ ಶ್ರಾದ್ಧ ಮುಗಿಸಿದ ಆ ತಂದೆ, ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಿರುತ್ತಾನೆ. ಅಗ್ರಹಾರದವರು ಯಾರೂ ಅದಕ್ಕೆ ಸಭೆ ಸೇರಿಸುವುದಿಲ್ಲ.