ಮನೆಮಾತು ಮತ್ತು ಮೊದಲ ತರಗತಿ

ಒಂದನೆಯ ತರಗತಿಯಲ್ಲಿ ಅಭ್ಯಾಸ ಪಾಠ ನಡೆದಿದೆ ಎಂದುಕೊಳ್ಳಿ. ಪ್ರಶಿಕ್ಷಣಾರ್ಥಿ ರೊಟ್ಟಿಯ ಚಿತ್ರ ತೋರಿಸಿ ‘ಇದೇನು?’ ಎಂದು ಕೇಳುತ್ತಾರೆ. ತಾಂಡಾದಿಂದ ಬಂದ ಮಗು ‘ಬಾಟಿ’ ಎನ್ನುತ್ತದೆ. ಉಳಿದ ಮಕ್ಕಳು ನಗುತ್ತಾರೆ, ಪಾಠ ಮುಂದೆ ಸಾಗುತ್ತದೆ. ಮಗು ಹೇಳಿದ ಉತ್ತರ ಸರಿಯಾಗಿಯೇ ಇತ್ತು. ಲಂಬಾಣಿಯಲ್ಲಿ ರೊಟ್ಟಿಗೆ ಬಾಟಿ ಎನ್ನುತ್ತಾರೆ.

ಧಾರವಾಡಕ್ಕೆ ಈ ತೊಡಕು ಹೊಸದಲ್ಲ. ಮುಂಬಯಿ ಪ್ರಾಂತದ ಆಡಳಿತದಲ್ಲಿ ಇಲ್ಲಿಯ ಕನ್ನಡ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದು ಆ ಸ್ಥಿತಿ ಬದಲಿಸಿದರು. ಆದರೆ ತಾಂಡಾದ ಮಗುವಿಗೆ ಕನ್ನಡವೂ ಶಾಲೆಯ ಭಾಷೆಯೇ.

ಫಿಲಿಪೈನ್ಸ್ ದೇಶ ಇದೇ ಗಂಟನ್ನು ಕಾನೂನಿನಿಂದ ಬಿಡಿಸಲು ಹೊರಟಿತು. ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷ್ ಮತ್ತು ಫಿಲಿಪಿನೋ ಮಾಧ್ಯಮಗಳಿದ್ದವು. ಫಿಲಿಪಿನೋದ ಮೂಲ ಟಗಾಲೊಗ್. ಸೆಬುವಾನೋ ಮಾತಾಡುವ ಮಗುವಿಗೆ ಅದೂ ಪರಭಾಷೆ. 2013ರ ಕಾನೂನು ಶಾಲಾ ಶಿಕ್ಷಣವನ್ನು 10 ವರ್ಷದಿಂದ 12ಕ್ಕೆ ಏರಿಸಿತು. ಜೊತೆಗೆ ಶಿಶುವಿಹಾರದಿಂದ 3ನೆಯ ತರಗತಿಯವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕೆಂದಿತು. ಇದಕ್ಕಾಗಿ 19 ಭಾಷೆಗಳನ್ನು ಆರಿಸಿಕೊಂಡರು. ಅಡಚಣೆ ಬಂದದ್ದು ತರಗತಿಯೊಳಗೆ. ಊರಿನ ಭಾಷೆ ಎಂದು ಆರಿಸಿದ್ದು ಎಷ್ಟೋ ಮಕ್ಕಳ ಮನೆಮಾತಾಗಿರಲಿಲ್ಲ. ಪುಸ್ತಕಗಳು ಸಾಲಲಿಲ್ಲ, ಆ ಭಾಷೆಯಲ್ಲಿ ಕಲಿಸುವ ತರಬೇತಿಯೂ ಸಾಲಲಿಲ್ಲ. 2024ರಲ್ಲಿ ಇನ್ನೊಂದು ಕಾನೂನು ಬಂದು ಕಡ್ಡಾಯವನ್ನು ತೆಗೆದುಹಾಕಿತು. ಈಗ ಇಡೀ ತರಗತಿಯ ಮಾತೃಭಾಷೆ ಒಂದೇ ಆಗಿದ್ದರೆ ಮಾತ್ರ ಅದನ್ನು ಮಾಧ್ಯಮವಾಗಿ ಬಳಸಬಹುದು. ಉಳಿದೆಡೆ ಪ್ರಾದೇಶಿಕ ಭಾಷೆ ಸಹಾಯಕ ಮಾತ್ರ. ತತ್ತ್ವ ಸೋತಿತು ಎಂದು ನನಗನ್ನಿಸುವುದಿಲ್ಲ, ಸಿದ್ಧತೆ ಸೋತಿತು.

ನಮ್ಮಲ್ಲಿ ವಾದ ನಡೆದದ್ದು ಬೇರೆ ದಾರಿಯಲ್ಲಿ. 1994ರ ಭಾಷಾ ನೀತಿ 1ರಿಂದ 4ನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದಿತ್ತು. ಸರ್ಕಾರ ಅದನ್ನು ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರು ಪಾಲಕರೇ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪಿತ್ತಿತು. ಕನ್ನಡವೋ ಇಂಗ್ಲಿಷೋ ಎಂಬ ಈ ಜಗ್ಗಾಟದಲ್ಲಿ ಬಾಟಿ ಎಂದ ಮಗುವಿನ ನೆನಪು ಯಾರಿಗೂ ಬರಲಿಲ್ಲ.

ಕಾನೂನು ಬದಲಿಸುವುದು ಪ್ರಶಿಕ್ಷಣಾರ್ಥಿಯ ಕೈಯಲ್ಲಿಲ್ಲ. ಆದರೆ ಕರಿಹಲಗೆ ಅವರ ಕೈಯಲ್ಲಿದೆ. ‘ರೊಟ್ಟಿ’ಯ ಪಕ್ಕದಲ್ಲಿ ಕನ್ನಡ ಲಿಪಿಯಲ್ಲೇ ‘ಬಾಟಿ’ ಎಂದು ಬರೆದು, ಆ ಮಗುವಿನಿಂದಲೇ ಎಲ್ಲರಿಗೂ ಹೇಳಿಸಬಹುದು. ಇದು ಮಾತೃಭಾಷಾ ಶಿಕ್ಷಣವಲ್ಲ, ಅದಕ್ಕೆ ಹಾಕಿದ ಕಾಲುಸಂಕ. ಪಾಠ ಯೋಜನೆಯ ಪೂರ್ವಜ್ಞಾನದ ಅಂಕಣದಲ್ಲಿ ‘ಮಕ್ಕಳಿಗೆ ರೊಟ್ಟಿಯ ಪರಿಚಯವಿದೆ’ ಎಂದು ಬರೆಯುತ್ತೇವಲ್ಲ, ಯಾವ ಭಾಷೆಯಲ್ಲಿ ಎಂಬುದನ್ನೂ ಅಲ್ಲೇ ಬರೆಯೋಣ.