ಒಂದಕ್ಷರದ ವ್ಯಾಕರಣ

‘ಮರ’ ಎಂಬುದು ಕನ್ನಡದ ಒಂದು ನಾಮಪ್ರಕೃತಿ. ವಾಕ್ಯದಲ್ಲಿ ಅದು ಮಾಡಬೇಕಾದ ಕೆಲಸವನ್ನನುಸರಿಸಿ ನಾವು ಅದನ್ನು ಒಮ್ಮೆ ‘ಮರವನ್ನು’ ಎಂದೂ, ಒಮ್ಮೆ ‘ಮರದಿಂದ’ ಎಂದೂ, ಮತ್ತೊಮ್ಮೆ ‘ಮರದಲ್ಲಿ’ ಎಂದೂ ಹೇಳುತ್ತೇವೆ. ವಸ್ತು ಒಂದೇ, ಹತ್ತಿದ ಪ್ರತ್ಯಯ ಮಾತ್ರ ಬೇರೆ. ಪ್ರತ್ಯಯ ತಪ್ಪಿದರೆ, ಪದಗಳೆಲ್ಲವೂ ಶುದ್ಧವಾಗಿದ್ದರೂ ವಾಕ್ಯದ ಅರ್ಥವು ಕೆಡುವುದು. ಗಣಕಯಂತ್ರಗಳಿಗಾಗಿ ಬರೆಯುವ ಭಾಷೆಗಳಲ್ಲಿಯೂ ಇಂಥ ಪ್ರತ್ಯಯಗಳುಂಟು. ಒಂದೊಂದೂ ಒಂದೇ ಅಕ್ಷರದಷ್ಟು ಚಿಕ್ಕದು. ಅವನ್ನು ‘ಆಪರೆಂಡ್ ಮಾಡಿಫೈಯರ್’ಗಳೆಂದು ಕರೆಯುವರು, ಈ ಲೇಖನದಲ್ಲಿ ನಾವು ಅವನ್ನು ‘ವಿಶೇಷಕಾಕ್ಷರ’ಗಳೆನ್ನೋಣ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇಕೆ ಎಂದು ವಾಚಕರು ಕೇಳಬಹುದು. ಆ ಒಂದಕ್ಷರವನ್ನು ಬಿಟ್ಟರೆ ಯಂತ್ರವು ತಪ್ಪು ಉತ್ತರವನ್ನು ಸರಿಯಾದ ಉತ್ತರವೆಂಬಂತೆಯೇ ಒಪ್ಪಿಸುವುದುಂಟು. ಅಕ್ಷರದ ಅರ್ಥವನ್ನು ಯಾರೂ ಬರೆದಿಡದೆ ಹೋದರೆ, ತಪ್ಪನ್ನು ಹುಡುಕುವ ದಾರಿಯೂ ಮುಚ್ಚಿಹೋಗುವುದು. ಇದು ಹೇಗೆಂಬುದನ್ನು ಮೊದಲಿನಿಂದ ವಿಚಾರ ಮಾಡೋಣ.

ಎರಡು ಭಾಷೆಗಳು ಕೂಡುವ ಸ್ಥಳ

ಗಣಕಯಂತ್ರದ ಪ್ರೊಸೆಸರಿಗೆ ತಿಳಿಯುವುದು ಅಂಕೆಗಳ ರೂಪದಲ್ಲಿರುವ ಆಜ್ಞೆಗಳು ಮಾತ್ರ. ಆ ಆಜ್ಞೆಗಳಿಗೆ ಒಂದೊಂದಾಗಿ ಚಿಕ್ಕ ಹೆಸರುಗಳನ್ನಿಟ್ಟು ಬರೆಯುವುದೇ ಅಸೆಂಬ್ಲಿ ಭಾಷೆ. ಅದರಲ್ಲಿ ದೊಡ್ಡ ಕೆಲಸಗಳನ್ನು ಬರೆಯುವುದು ಬಹಳ ಶ್ರಮದ ಮಾತು. ಆದುದರಿಂದ ಸಿ ಮೊದಲಾದ ಉನ್ನತ ಭಾಷೆಗಳು ಹುಟ್ಟಿಕೊಂಡವು. ಉನ್ನತ ಭಾಷೆಯಲ್ಲಿ ಬರೆದುದನ್ನು ಯಂತ್ರದ ಭಾಷೆಗೆ ಇಳಿಸುವ ಅನುವಾದಕನೇ ಕಂಪೈಲರ್.

ಆದರೆ ಯಂತ್ರಕ್ಕೆ ಗೊತ್ತಿರುವ ಕೆಲವು ಆಜ್ಞೆಗಳನ್ನು ಸಿ ಭಾಷೆಯಲ್ಲಿ ಹೇಳಲು ಮಾತೇ ಇಲ್ಲ. ಉದಾಹರಣೆಗೆ, ಹೊರಗಿನಿಂದ ಬರುವ ಕರೆಗಳನ್ನು ಸ್ವಲ್ಪ ಹೊತ್ತು ತಡೆದಿಡುವ ಆಜ್ಞೆ. ಇಂಥ ಕಡೆ, ಸಿ ಭಾಷೆಯ ನಡುವೆಯೇ ಅಸೆಂಬ್ಲಿಯ ಒಂದೆರಡು ಸಾಲುಗಳನ್ನು ಸೇರಿಸುವ ಪದ್ಧತಿಯುಂಟು. ಇದಕ್ಕೆ ಇನ್‌ಲೈನ್ ಅಸೆಂಬ್ಲಿ ಎಂದು ಹೆಸರು. ರಿಚರ್ಡ್ ಸ್ಟಾಲ್‌ಮನ್ನರು 1987ರಲ್ಲಿ ಮೊದಲು ಹೊರತಂದ ಜಿಸಿಸಿ ಕಂಪೈಲರ್ ಈ ಪದ್ಧತಿಯ ಒಂದು ರೂಪವನ್ನು ಬಳಕೆಗೆ ತಂದಿತು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ಕರ್ನಲ್ ಆ ರೂಪವನ್ನೇ ಉದ್ದಕ್ಕೂ ನೆಚ್ಚಿಕೊಂಡಿದೆ.

ಇಲ್ಲಿ ಒಂದು ತೊಡಕು ಏಳುವುದು. ಪ್ರೊಸೆಸರಿನ ಒಳಗೆ ಸಂಖ್ಯೆಗಳನ್ನಿಡಲು ‘ರಿಜಿಸ್ಟರ್’ ಎಂಬ ಕೆಲವೇ ಪೆಟ್ಟಿಗೆಗಳಿರುತ್ತವೆ. ಯಾವ ಸಂಖ್ಯೆ ಯಾವ ಪೆಟ್ಟಿಗೆಯಲ್ಲಿರಬೇಕೆಂಬುದನ್ನು ಕಂಪೈಲರು ಅನುವಾದದ ಕೊನೆಕೊನೆಯಲ್ಲಿ ತೀರ್ಮಾನಿಸುವುದು. ಬರೆಯುವವನಿಗೆ ಅದು ಮೊದಲೇ ತಿಳಿಯದು. ಆದಕಾರಣ ಅವನು ಪೆಟ್ಟಿಗೆಯ ಹೆಸರಿನ ಬದಲು ‘%0’, ‘%1’ ಎಂಬ ಗುರುತುಗಳನ್ನಿಟ್ಟು ಖಾಲಿ ಸ್ಥಳ ಬಿಡುವನು. ಕಂಪೈಲರು ಆಮೇಲೆ ಆ ಸ್ಥಳಗಳನ್ನು ತುಂಬುವುದು. ಹೀಗೆ ತುಂಬಲ್ಪಡುವ ವಸ್ತುವೇ ಆಪರೆಂಡ್. ಜಿಸಿಸಿಯು ಆ ಸಾಲಿನ ಉಳಿದ ಭಾಗದ ಅರ್ಥವನ್ನು ನೋಡುವುದೇ ಇಲ್ಲವೆಂಬುದನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಅಚ್ಚಾದ ಅರ್ಜಿಯ ಬಿಟ್ಟಸ್ಥಳಗಳಲ್ಲಿ ಹೆಸರು ಬರೆದು ಮುಂದಿನ ಮೇಜಿಗೆ ದಾಟಿಸುವ ಗುಮಾಸ್ತನಂತೆ, ಅದು ಹೆಸರನ್ನು ತುಂಬಿ ಅಸೆಂಬ್ಲರಿಗೆ ಕಳುಹಿಸಿಬಿಡುವುದು.

ಪೆಟ್ಟಿಗೆ ಒಂದು, ಹೆಸರು ಐದು

ಒಂದು ಪೆಟ್ಟಿಗೆಗೆ ಒಂದೇ ಹೆಸರಿದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇತಿಹಾಸವು ಹಾಗೆ ನಡೆಯಲಿಲ್ಲ. 1978ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 8086 ಪ್ರೊಸೆಸರಿನಲ್ಲಿ ‘ಎಎಕ್ಸ್’ ಎಂಬ 16 ಬಿಟ್‌ಗಳ ಪೆಟ್ಟಿಗೆಯಿತ್ತು. ಅದರ ಕೆಳಗಿನ 8 ಬಿಟ್‌ಗಳಿಗೆ ‘ಎಎಲ್’ ಎಂದೂ ಮೇಲಿನ 8 ಬಿಟ್‌ಗಳಿಗೆ ‘ಎಎಚ್’ ಎಂದೂ ಬೇರೆ ಹೆಸರುಗಳಿದ್ದವು. 1985ರ 80386ರಲ್ಲಿ ಅದೇ ಪೆಟ್ಟಿಗೆ 32 ಬಿಟ್‌ಗಳಿಗೆ ಬೆಳೆದು ‘ಇಎಎಕ್ಸ್’ ಆಯಿತು. 2003ರಲ್ಲಿ ಎಎಮ್‌ಡಿ ಸಂಸ್ಥೆಯ ಆಪ್ಟೆರಾನ್ ಬಂದಾಗ 64 ಬಿಟ್‌ಗಳಿಗೆ ಹಿಗ್ಗಿ ‘ಆರ್‌ಎಎಕ್ಸ್’ ಆಯಿತು. ಹಳೆಯ ಹೆಸರುಗಳಾದರೋ ಅಳಿಯಲಿಲ್ಲ. ಮನೆ ಬೆಳೆದಂತೆಲ್ಲ ಹಳೆಯ ಕೋಣೆಗಳ ಹೆಸರುಗಳು ಉಳಿದುಕೊಂಡುಬಂದಂತಾಯಿತು.

ಹೀಗಿರುವಲ್ಲಿ ‘%0’ ಎಂಬ ಖಾಲಿ ಸ್ಥಳದಲ್ಲಿ ಕಂಪೈಲರು ಈ ಐದು ಹೆಸರುಗಳಲ್ಲಿ ಯಾವುದನ್ನು ಬರೆಯಬೇಕು? ಇದನ್ನು ತಿಳಿಸುವುದಕ್ಕಾಗಿಯೇ ಶೇಕಡಾ ಚಿಹ್ನೆಗೂ ಅಂಕೆಗೂ ನಡುವೆ ಒಂದಕ್ಷರವನ್ನಿಡುವರು. (ಇವು ರೋಮನ್ ಅಕ್ಷರಗಳು, ಇಲ್ಲಿ ಅವುಗಳ ಉಚ್ಚಾರಣೆಯನ್ನು ಕೊಟ್ಟಿದೆ.) ಜಿಸಿಸಿಯಲ್ಲಿ ‘ಬಿ’ ಎಂದಿಟ್ಟರೆ ಎಎಲ್, ‘ಎಚ್’ ಎಂದಿಟ್ಟರೆ ಎಎಚ್, ‘ಡಬ್ಲ್ಯು’ ಎಂದರೆ ಎಎಕ್ಸ್, ‘ಕೆ’ ಎಂದರೆ ಇಎಎಕ್ಸ್, ‘ಕ್ಯು’ ಎಂದರೆ ಆರ್‌ಎಎಕ್ಸ್. ಪ್ರಕೃತಿಗೆ ಪ್ರತ್ಯಯ ಹತ್ತಿದಂತೆ ಒಂದೇ ಪೆಟ್ಟಿಗೆ ಕೆಲಸಕ್ಕೆ ತಕ್ಕ ರೂಪವನ್ನು ತಾಳುವುದು. ಏನೂ ಇಡದಿದ್ದರೆ, ಈ ಕುಲದ ಪ್ರೊಸೆಸರುಗಳಲ್ಲಿ, ಸಂಖ್ಯೆಯ ಅಳತೆಗೆ ಒಪ್ಪುವ ಹೆಸರನ್ನು ಕಂಪೈಲರು ತಾನೇ ಬರೆಯುವುದು.

ಎಡವುವ ಜಾಗ

ಈ ಕೊನೆಯ ಉಪಕಾರವು ಎಲ್ಲೆಡೆಯೂ ದೊರೆಯುವುದಿಲ್ಲ. 2011ರಲ್ಲಿ ಪ್ರಕಟವಾದ ಆರ್ಮ್ ಸಂಸ್ಥೆಯ 64 ಬಿಟ್ ರಚನೆಯನ್ನು ನೋಡಿರಿ. ಅಲ್ಲಿ ಪ್ರತಿಯೊಂದು ಸಾಮಾನ್ಯ ಪೆಟ್ಟಿಗೆಗೂ ಎರಡು ಹೆಸರುಗಳು: 64 ಬಿಟ್‌ಗಳ ಇಡೀ ಪೆಟ್ಟಿಗೆಗೆ ‘ಎಕ್ಸ್’, ಕೆಳಗಿನ 32 ಬಿಟ್‌ಗಳಿಗೆ ‘ಡಬ್ಲ್ಯು’. ವಿಶೇಷಕಾಕ್ಷರವಿಲ್ಲದಿದ್ದರೆ, ಸಂಖ್ಯೆಯು 32 ಬಿಟ್‌ಗಳದೇ ಆಗಿದ್ದರೂ, ಕಂಪೈಲರು ‘ಎಕ್ಸ್’ ಹೆಸರನ್ನೇ ಬರೆಯುವುದು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಆ ಯಂತ್ರದಲ್ಲಿ ‘ಸಿಎಲ್‌ಝೆಡ್’ ಎಂಬ ಆಜ್ಞೆಯುಂಟು. ದ್ವಿಮಾನ ಪದ್ಧತಿಯಲ್ಲಿ ಬರೆದ ಸಂಖ್ಯೆಯ ಎಡತುದಿಯಲ್ಲಿ ಎಷ್ಟು ಸೊನ್ನೆಗಳಿವೆಯೆಂದು ಅದು ಎಣಿಸುವುದು. 1 ಎಂಬ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆದರೆ ಎಡಕ್ಕೆ 31 ಸೊನ್ನೆಗಳಿರುತ್ತವೆ. ‘%ಡಬ್ಲ್ಯು0’, ‘%ಡಬ್ಲ್ಯು1’ ಎಂದು ಬರೆದವನಿಗೆ 31 ಎಂಬ ಸರಿಯಾದ ಉತ್ತರ ಬರುವುದು. ಅಕ್ಷರವನ್ನು ಮರೆತು ‘%0’, ‘%1’ ಎಂದವನಿಗೆ ಯಂತ್ರವು 64 ಬಿಟ್‌ಗಳನ್ನೂ ನೋಡಿ 63 ಎನ್ನುವುದು. ಆಜ್ಞೆಯು ವ್ಯಾಕರಣಶುದ್ಧವಾಗಿಯೇ ಇರುವುದರಿಂದ ಅಸೆಂಬ್ಲರ್ ತಕರಾರೆತ್ತುವುದಿಲ್ಲ.

ಕೇಡು ಇಷ್ಟಕ್ಕೇ ನಿಲ್ಲದು. ಉತ್ತರದಲ್ಲಿ 32 ಹೆಚ್ಚಾಗಿದೆಯೆಂದು ಕಂಡವನು ಅದನ್ನು ಕಳೆದು ತೃಪ್ತನಾಗಬಹುದು. ಆದರೆ 32 ಬಿಟ್‌ಗಳ ಸಂಖ್ಯೆಯನ್ನಿಟ್ಟಾಗ ಪೆಟ್ಟಿಗೆಯ ಮೇಲಿನ ಅರ್ಧವನ್ನು ಸೊನ್ನೆಯಾಗಿಯೇ ಇಡಬೇಕೆಂಬ ಕಟ್ಟುಪಾಡು ಕಂಪೈಲರಿಗಿಲ್ಲ. ಹಿಂದಿನ ಯಾವುದೋ ಲೆಕ್ಕದ ಉಳಿಕೆ ಅಲ್ಲಿ ಬಿದ್ದಿರಬಹುದು. ಆಗ ಉತ್ತರವು 0ಯಿಂದ 31ರವರೆಗಿನ ಯಾವುದಾದರೂ ಆಗಿ, 32ನ್ನು ಕಳೆದ ಮೇಲೆ ಸೊನ್ನೆಗಿಂತಲೂ ಕೆಳಗಿಳಿಯುವುದು. ನೂರು ಸಲ ಪರೀಕ್ಷಿಸಿದಾಗ ಸರಿಯಾಗಿದ್ದ ಕಾರ್ಯಕ್ರಮವು ನೂರೊಂದನೆಯ ಸಲ ಕೈಕೊಡುವುದು ಹೀಗೆಯೇ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರು ಇಂಥಲ್ಲಿ, ಸಂಖ್ಯೆಯ ಅಳತೆಗೂ ಪೆಟ್ಟಿಗೆಯ ಅಳತೆಗೂ ಹೊಂದಿಕೆಯಿಲ್ಲವೆಂದು ಎಚ್ಚರಿಸಿ, ‘ಡಬ್ಲ್ಯು’ ಅಕ್ಷರವನ್ನು ಬಳಸೆಂದು ಸಲಹೆ ಮಾಡುವುದು.

ವಾಚಕರು ಇನ್ನೊಂದನ್ನೂ ಗಮನಿಸಿರಬಹುದು. ಇಂಟೆಲ್ ಕುಲದಲ್ಲಿ ‘ಡಬ್ಲ್ಯು’ ಎಂದರೆ 16 ಬಿಟ್. ಆರ್ಮ್ ಕುಲದಲ್ಲಿ ಅದೇ ‘ಡಬ್ಲ್ಯು’ ಎಂದರೆ 32 ಬಿಟ್. ಒಂದು ಯಂತ್ರದ ಅನುಭವದಿಂದ ಇನ್ನೊಂದರ ಅರ್ಥವನ್ನು ಊಹಿಸಲು ಬಾರದು.

ಕಂಪೈಲರು ಮಾಡಬೇಕಾದುದು

ಒಂದು ವಿಶೇಷಕಾಕ್ಷರಕ್ಕೆ ಕಂಪೈಲರಿನಲ್ಲಿ ಸ್ಥಾನ ಕೊಡುವುದೆಂದರೇನು? ಪೆಟ್ಟಿಗೆಗಳ ಹಂಚಿಕೆ ಮುಗಿದ ಮೇಲೆ, ಹೆಸರನ್ನು ಅಚ್ಚಿಸುವ ಒಂದು ಭಾಗ ಕಂಪೈಲರಿನಲ್ಲಿರುತ್ತದೆ. ಅದರ ಕೈಗೆ ಆಪರೆಂಡೂ ಅಕ್ಷರವೂ ಒಟ್ಟಿಗೆ ಬರುತ್ತವೆ. ಅದು ಮೊದಲು ಈ ಅಕ್ಷರವು ತನಗೆ ತಿಳಿದುದೇ ಎಂದು ನೋಡಬೇಕು. ಬಳಿಕ, ಬಂದಿರುವುದು ಪೆಟ್ಟಿಗೆಯೋ, ಸ್ಥಿರಸಂಖ್ಯೆಯೋ, ಸ್ಮೃತಿಕೋಶದ ವಿಳಾಸವೋ ಎಂಬುದನ್ನು ನೋಡಿ, ತಕ್ಕ ರೂಪವನ್ನು ಬರೆಯಬೇಕು. ತಿಳಿಯದ ಅಕ್ಷರ ಬಂದರೆ ಸುಮ್ಮನೆ ಏನನ್ನಾದರೂ ಬರೆದುಬಿಡದೆ, ದೋಷವಿದೆಯೆಂದು ಸ್ಪಷ್ಟವಾಗಿ ಹೇಳಿ ನಿಲ್ಲಬೇಕು. ಮೌನವಾಗಿ ಊಹಿಸುವ ಅನುವಾದಕನಿಗಿಂತ, ತನಗೆ ತಿಳಿಯದೆಂದು ಒಪ್ಪಿಕೊಳ್ಳುವ ಅನುವಾದಕನೇ ಮೇಲು.

ವಿಶೇಷಕಾಕ್ಷರಗಳು ಅಳತೆಗೆ ಮಾತ್ರ ಸಂಬಂಧಿಸಿದವಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 2010ರಲ್ಲಿ ಆರಂಭವಾದ ರಿಸ್ಕ್-ಫೈವ್ ರಚನೆಯಲ್ಲಿ ಒಂದು ಪೆಟ್ಟಿಗೆಯು ಸದಾ ಸೊನ್ನೆಯನ್ನೇ ಹಿಡಿದಿರುವುದು. ನಮ್ಮ ದೇಶದಲ್ಲಿ ಮದರಾಸಿನ ಐಐಟಿಯವರು ರೂಪಿಸಿದ ‘ಶಕ್ತಿ’ ಪ್ರೊಸೆಸರುಗಳೂ ಇದೇ ರಚನೆಯವು. ಸ್ಮೃತಿಗೆ ಸೊನ್ನೆಯನ್ನು ಬರೆಯಬೇಕಾದಾಗ ಆಜ್ಞೆಯಲ್ಲಿ ‘0’ ಎಂಬ ಅಂಕೆಯನ್ನಿಡುವಂತಿಲ್ಲ. ಪೆಟ್ಟಿಗೆಯ ಹೆಸರನ್ನೇ ಇಡಬೇಕು. ಅಲ್ಲಿ ‘ಝೆಡ್’ ಎಂಬ ವಿಶೇಷಕಾಕ್ಷರವಿದ್ದರೆ, ಆಪರೆಂಡು ಸ್ಥಿರವಾದ ಸೊನ್ನೆಯಾಗಿರುವಾಗ ಕಂಪೈಲರು ಆ ಸೊನ್ನೆಯ ಪೆಟ್ಟಿಗೆಯ ಹೆಸರನ್ನೂ, ಇಲ್ಲವಾದರೆ ಆಪರೆಂಡನ್ನು ಎಂದಿನಂತೆಯೂ ಬರೆಯುವುದು. ಇದರಿಂದ ಸೊನ್ನೆಯನ್ನು ಬೇರೊಂದು ಪೆಟ್ಟಿಗೆಗೆ ತುಂಬುವ ಕೆಲಸ ಉಳಿಯುವುದು.

ಬರೆದಿಡುವ ಕೆಲಸ

ಕಂಪೈಲರಿಗೆ ತಿಳಿದರೆ ಸಾಲದು, ಬಳಸುವವರಿಗೂ ತಿಳಿಯಬೇಕು. ಜಿಸಿಸಿಯಲ್ಲಿ ಇಂಟೆಲ್ ಕುಲದ ಅಕ್ಷರಗಳ ಪಟ್ಟಿಯು ಬಹುಕಾಲ ಕಂಪೈಲರಿನದೇ ಮೂಲಪಾಠದೊಳಗೆ, ಹೆಸರನ್ನು ಅಚ್ಚಿಸುವ ಭಾಗದ ತಲೆಯ ಮೇಲಿನ ಒಂದು ಟಿಪ್ಪಣಿಯಾಗಿ ಮಾತ್ರ ಇತ್ತು. ಬಳಸುವವರ ಕೈಪಿಡಿಗೆ ಅದು ಬಂದದ್ದು ಆಮೇಲೆ. ಅಲ್ಲಿಯವರೆಗೆ ಪ್ರೋಗ್ರಾಮರುಗಳು ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡಿ ಕಲಿತರು. ಪ್ರಯೋಗ ಮೊದಲು, ವ್ಯಾಕರಣ ಅನಂತರ ಎಂಬ ಮಾತು ಇಲ್ಲಿಯೂ ನಿಜವಾಯಿತು.

ಈ ವಿಳಂಬಕ್ಕೆ ಸೋಮಾರಿತನವೊಂದೇ ಕಾರಣವೆನ್ನಲಾಗದು. ಈ ಅಕ್ಷರಗಳಲ್ಲಿ ಅನೇಕವು ಕಂಪೈಲರು ತನ್ನ ಸ್ವಂತ ಕೆಲಸಕ್ಕಾಗಿ ಇಟ್ಟುಕೊಂಡವು. ಒಳಗಿನ ಬಳಕೆಯ ಅಕ್ಷರವನ್ನು ಇಂದು ಒಂದು ರೀತಿ, ನಾಳೆ ಇನ್ನೊಂದು ರೀತಿ ಬದಲಾಯಿಸಬಹುದು. ಆದರೆ ಕೈಪಿಡಿಯಲ್ಲಿ ಅಚ್ಚಾದ ಅಕ್ಷರವು ವಾಗ್ದಾನ. ಅದನ್ನು ನಂಬಿ ಬರೆದ ಸಾವಿರಾರು ಸಾಲುಗಳಿಗೆ ಕಂಪೈಲರು ಹೊಣೆಯಾಗುವುದು. ಆದುದರಿಂದ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದೇ ವಿವೇಚನೆಯ ಕೆಲಸ.

ಮತ್ತೊಂದು ಕಂಪೈಲರು ಹುಟ್ಟಿದಾಗ ಬರಹದ ಬೆಲೆ ಎದ್ದು ಕಾಣುವುದು. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಎಲ್‌ಎಲ್‌ವಿಎಮ್ ಯೋಜನೆಯೇ ಮೇಲೆ ಹೇಳಿದ ಕ್ಲ್ಯಾಂಗಿನ ತಳಹದಿ. ಅದರ ಕೈಪಿಡಿಯು ಯಂತ್ರಕುಲಗಳಿಗೊಂದರಂತೆ ಅಕ್ಷರಗಳ ಪಟ್ಟಿಯನ್ನು ಕೊಟ್ಟು, ಇವು ಜಿಸಿಸಿಯಲ್ಲಿರುವಂತೆಯೇ ನಡೆಯಬೇಕೆಂದೂ, ವ್ಯತ್ಯಾಸ ಕಂಡರೆ ತಪ್ಪು ಬಹುಶಃ ತನ್ನದೇ ಎಂದೂ ಹೇಳಿಕೊಂಡಿದೆ. ಜಿಸಿಸಿಗಾಗಿ ಬರೆದುದು ಬೇರೆಡೆಯೂ ಅದೇ ಅರ್ಥ ಕೊಡಬೇಕಾದರೆ ಇಂಥ ವಿನಯ ಅವಶ್ಯ. ರಸ್ಟ್ ಭಾಷೆಯವರು ಬೇರೆ ಹಾದಿ ಹಿಡಿದರು. ಅವರ ಹಳೆಯ ಪದ್ಧತಿಯು ಎಲ್‌ಎಲ್‌ವಿಎಮ್ಮಿನ ರೂಢಿಯನ್ನೇ ನೇರವಾಗಿ ಹಾಯಿಸುತ್ತಿತ್ತು. 2022ರ ಫೆಬ್ರವರಿಯಲ್ಲಿ ನೆಲೆಗೊಂಡ ಹೊಸ ಪದ್ಧತಿಯಲ್ಲಿ ಅವರು ತಮ್ಮವೇ ಅಕ್ಷರಗಳನ್ನು ಗೊತ್ತುಮಾಡಿ, ಯಾವ ಅಕ್ಷರಕ್ಕೆ ಯಾವ ಹೆಸರು ಬರುವುದೆಂಬ ಕೋಷ್ಟಕವನ್ನು ಭಾಷೆಯ ಆಧಾರಗ್ರಂಥದಲ್ಲಿ ಸೇರಿಸಿದರು. ಜಿಸಿಸಿಯ ‘ಕೆ’ ಅಲ್ಲಿ ‘ಇ’ ಆಗಿದೆ. ‘ಡಬ್ಲ್ಯು’ ಎಂಬುದು ‘ಎಕ್ಸ್’ ಆಗಿದೆ. ಕೋಷ್ಟಕವಿಲ್ಲದಿದ್ದರೆ ನುರಿತವನೂ ಎಡವದೆ ಇರನು.

ಒಳ್ಳೆಯ ಬರಹದಲ್ಲಿ ನಾಲ್ಕು ಸಂಗತಿಗಳಿರಬೇಕೆಂದು ನಮಗೆ ತೋರುವುದು: ಅಕ್ಷರ ಯಾವುದು, ಅದು ಎಂಥ ಆಪರೆಂಡಿಗೆ ಸಲ್ಲುವುದು, ಆಗ ಅಚ್ಚಾಗುವ ರೂಪವೇನು, ಅಕ್ಷರವನ್ನು ಬಿಟ್ಟರೆ ಏನಾಗುವುದು. ಸಿಎಲ್‌ಝೆಡ್ ಲೆಕ್ಕದಲ್ಲಿ ಎಡವಿದವನನ್ನು ಎತ್ತಿ ನಿಲ್ಲಿಸತಕ್ಕದ್ದು ಈ ನಾಲ್ಕನೆಯದೇ. ಸಾಮಾನ್ಯವಾಗಿ ಬರೆಯಲು ಮರೆಯುವುದೂ ಅದನ್ನೇ.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಇಂಥ ಕಂಪೈಲರುಗಳನ್ನು ಬಳಸುವರು. ಕೆಲವರು ಕಟ್ಟಲೂ ಬಹುದು. ಜಿಸಿಸಿ, ಎಲ್‌ಎಲ್‌ವಿಎಮ್ ಎರಡರ ಮೂಲಪಾಠವೂ ಯಾರು ಬೇಕಾದರೂ ಓದಿ ತಿದ್ದುವಂತೆ ತೆರೆದಿದೆ. ಅಲ್ಲಿ ಹೊಸದೊಂದು ಅಕ್ಷರವನ್ನು ಸೇರಿಸುವವರು ಕೈಪಿಡಿಯಲ್ಲಿ ಅದಕ್ಕೊಂದು ಸಾಲನ್ನೂ, ಪರೀಕ್ಷೆಗೊಂದು ಉದಾಹರಣೆಯನ್ನೂ ಅಂದೇ ಸೇರಿಸಲಿ. ಕೆಲಸ ಮುಗಿದ ಮೇಲೆ ಬರೆದರಾಯಿತೆಂದು ಬಿಟ್ಟ ಸಾಲಿಗಾಗಿ, ಎಲ್ಲಿಯೋ ಕುಳಿತ ಒಬ್ಬನು ಒಂದು ರಾತ್ರಿಯೆಲ್ಲ 31ರ ಬದಲು 63 ಏಕೆ ಬಂದಿತೆಂದು ತಲೆ ಚಚ್ಚಿಕೊಳ್ಳುತ್ತಿರಬಹುದು.